ಕೂದಲು ಕಸಿಗೆ ಮುನ್ನ ಕೆಲವು ಪ್ರಶ್ನೆಗಳು

ಸ್ವಹಸ್ತದಿಂದ ಕೇಶಲೋಚ ಮಾಡಿಕೊಳ್ಳುವ ಮುನಿಗಳಿಗೆ ವಂದಿಸುವ ನಾವು, ಕೂದಲುದುರಿತೆಂದು ಕೊರಗುವ ತರುಣನನ್ನು ಪರಿಹಾಸ ಮಾಡುವುದು ಉಚಿತವಲ್ಲ; ಅವನು ಗೃಹಸ್ಥ. ವಿವಾಹಕ್ಕೆ ಮುನ್ನ ಕೂದಲು ಕಸಿ ಮಾಡಿಸಿಕೊಳ್ಳಲು ಹೊರಟ ನನ್ನ ತಮ್ಮನ ಮಗನು, “ದೊಡ್ಡಪ್ಪ, ವೈದ್ಯರನ್ನು ಏನು ಕೇಳಲಿ?” ಎಂದನು. ವ್ಯಾಪಾರಿಯ ರೀತಿಯಲ್ಲಿ ಬರೆದುಕೊಟ್ಟೆನು: ಶಸ್ತ್ರ ಹಿಡಿಯುವವರು ತಾವೋ, ಸಹಾಯಕರೋ? ಹಿಂದಲೆಯಿಂದ ತೆಗೆದ ಬೇರು ಅಲ್ಲಿ ಮತ್ತೆ ಹುಟ್ಟದು. ಆ ಮೂಲಧನದಲ್ಲಿ ವೆಚ್ಚವೆಷ್ಟು, ಉಳಿಕೆಯೆಷ್ಟು? ನೆಟ್ಟ ಕೂದಲು ಮೊದಲು ಉದುರಿ ಮರಳಿ ಬೆಳೆಯಲು, ಪೂರ್ಣಫಲ ಕಾಣಲು ಸುಮಾರು 12 ತಿಂಗಳು ಬೇಕು. ಅಷ್ಟರಲ್ಲಿ ಮಿಕ್ಕ ಕೂದಲೂ ಉದುರಿದರೆ ಉಪಾಯವೇನು?

ಕೊನೆಯ ಪ್ರಶ್ನೆ ವೈದ್ಯರಿಗಲ್ಲ, ಅವನಿಗೇ: ಕನ್ಯೆಯ ಮನೆಯವರಿಗೆ ಇದನ್ನು ತಿಳಿಸುವೆಯಾ? ಅವನು ಬಹಳ ಹೊತ್ತು ಮೌನವಾಗಿದ್ದನು. ಕಸಿ ದೇಹಮೋಹವೋ ಅಲ್ಲವೋ ಎಂಬುದನ್ನು ಪಂಡಿತರು ವಿಚಾರಿಸಲಿ. ಮರೆಮಾಚಿ ಸಂಬಂಧ ಬೆಳೆಸುವುದು ಮಾತ್ರ ಸತ್ಯಾಣುವ್ರತಕ್ಕೆ ಭಂಗವೇ ಸರಿ.