ದಡ ಸೇರಿದವರ ಹೆಜ್ಜೆ



ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ಸಮುದ್ರ ಭಾನುವಾರವೆಂದು ಆಚರಿಸುತ್ತದೆ. ನಮ್ಮ ಕಾಸರಗೋಡಿನ ಕಡೆ ಆ ಹೊತ್ತಿಗೆ ಮಳೆಯ ಅಬ್ಬರ. 52 ದಿನಗಳ ಟ್ರಾಲಿಂಗ್ ನಿಷೇಧ ಮುಗಿಯದೆ ಯಂತ್ರದ ಬೋಟುಗಳು ಬಂದರಿನಲ್ಲೇ ನಿಂತಿರುತ್ತವೆ. ಆದರೆ ನಮ್ಮ ಧರ್ಮಕೇಂದ್ರದ ಕೆಲವು ಮನೆಗಳ ಮಕ್ಕಳು ಆ ದಿನವೂ ದೂರದ ಯಾವುದೋ ಕಡಲಿನಲ್ಲಿ, ಸರಕು ಹಡಗಿನ ಎಂಜಿನ್ ಕೋಣೆಯಲ್ಲೋ ಪ್ರವಾಸಿ ಹಡಗಿನ ಅಡುಗೆಮನೆಯಲ್ಲೋ ದುಡಿಯುತ್ತಿರುತ್ತಾರೆ. ಪ್ರತಿವರ್ಷ ಅವರಿಗಾಗಿ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬಿನ್ನಹ ಓದಿ ನಾವು ಮನೆಗೆ ಹೋಗುತ್ತೇವೆ. ಈ ವರ್ಷ ಅಷ್ಟಕ್ಕೇ ಮುಗಿಸಲು ಯುವಜನರಾದ ನಮಗೆ ಮನಸ್ಸಾಗಲಿಲ್ಲ. ನಾವು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಕೊಳ್ಳಬೇಕಾಗಿದೆ.

ಕಳೆದ ವರ್ಷದ ಒಂದು ಭಾನುವಾರ. ಕನ್ನಡ ಬಲಿಪೂಜೆ ನಮಗೆ ತಿಂಗಳಿಗೆ ಎರಡೇ ಸಲ. ಆ ದಿನ ಸಾಲು ನೋಡಿಕೊಳ್ಳುವ ಜವಾಬ್ದಾರಿ ನಮ್ಮದಾಗಿತ್ತು. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ಊರಿನ ಅಣ್ಣ ಒಬ್ಬರು ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು, ಹೆಗಲಿನ ಚೀಲ ಇನ್ನೂ ಇಳಿದಿರಲಿಲ್ಲ. ಮೊಣಕಾಲೂರಿ ಕಣ್ಣು ಮುಚ್ಚಿದವರು ಎದ್ದು ನಿಲ್ಲುವಾಗ ಒಂದು ಕಡೆಗೆ ವಾಲಿ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪರಮಪ್ರಸಾದದ ಸಾಲಿನಲ್ಲಿ ಬೆಂಚಿನಿಂದ ಬೆಂಚಿಗೆ ಕೈಯಿಟ್ಟುಕೊಂಡು, ಕಾಲು ಅಗಲಿಸಿ ನಡೆದು ಬಂದರು. ನಮ್ಮಲ್ಲಿ ಪಿಸುಮಾತು ಶುರುವಾಯಿತು: "ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದಾರೆ." ನಮ್ಮಲ್ಲೊಬ್ಬರು ಅವರ ತೋಳು ಹಿಡಿದು, "ಅಣ್ಣಾ, ಸ್ವಲ್ಪ ಹೊರಗೆ ಕೂತುಕೊಳ್ಳಿ" ಎಂದು ಬಾಗಿಲ ತನಕ ಕರೆದುಕೊಂಡು ಹೋದರು. ಉಳಿದ ನಾವು ನೋಡುತ್ತ ನಿಂತೆವು. ಅವರು ಒಂದು ಮಾತೂ ಆಡಲಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಅಂಗಳದಲ್ಲಿ ಅವರು ಇರಲಿಲ್ಲ.

ಮುಂದಿನ ವಾರ ವಾರ್ಡಿನ ಸಭೆಯಲ್ಲಿ ಅವರ ಅಮ್ಮ ಸಿಕ್ಕಿದರು. ಮಗ ಶನಿವಾರ ಸಂಜೆಯಷ್ಟೇ ಕೊಚ್ಚಿಯಲ್ಲಿ ಹಡಗಿನಿಂದ ಇಳಿದು, ರಾತ್ರಿಯ ರೈಲಿನಲ್ಲಿ ನಿದ್ದೆಯಿಲ್ಲದೆ ಬಂದು, ಮನೆಗೂ ಹೋಗದೆ ನೇರವಾಗಿ ಇಗರ್ಜಿಗೆ ಬಂದಿದ್ದರಂತೆ. ಒಂಬತ್ತು ತಿಂಗಳಿಂದ ಬಲಿಪೂಜೆ ಇಲ್ಲ, ಕನ್ನಡದ ಒಂದು ಪ್ರಾರ್ಥನೆ ಕಿವಿಗೆ ಬಿದ್ದಿಲ್ಲ. "ಹಡಗಿನಿಂದ ಇಳಿದರೆ ಅವನಿಗೆ ಎರಡು ದಿನ ಹೀಗೇ. ಮನೆಯಲ್ಲೂ ಗೋಡೆ ಹಿಡಿದೇ ನಡೆಯುತ್ತಾನೆ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನಮಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದು ನಮಗೆ ಗೊತ್ತಿರಬೇಕಾಗಿತ್ತು. ಬಿಎಸ್ಸಿಯಲ್ಲಿ ಒಳಕಿವಿಯ ಚಿತ್ರ ಬಿಡಿಸಿ ಅಂಕ ಪಡೆದವರು ನಾವು. ಪ್ರತಿ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ಯಾವ ದಿಕ್ಕಿಗೆ ತಿರುಗಿತೆಂದು ಅವು ತಿಳಿಸುತ್ತವೆ. ಪಕ್ಕದ ಎರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳಿವೆ; ತಲೆ ಎಷ್ಟು ಬಾಗಿತು, ದೇಹ ಯಾವ ಕಡೆ ಸರಿಯಿತು ಎಂಬುದನ್ನು ಅವು ತಿಳಿಸುತ್ತವೆ. ಕಣ್ಣು ಒಂದು ಸುದ್ದಿ ಕೊಡುತ್ತದೆ, ಪಾದ ಮತ್ತು ಕೀಲುಗಳು ಇನ್ನೊಂದು. ಎಲ್ಲವನ್ನೂ ಕೂಡಿಸಿ ಮೆದುಳು ನಮ್ಮನ್ನು ನಿಲ್ಲಿಸುತ್ತದೆ. ಹಡಗು ಹತ್ತಿದ ಹೊಸದರಲ್ಲಿ ಈ ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದಲೇ ವಾಕರಿಕೆ, ತಲೆಸುತ್ತು. ಕೆಲವು ದಿನ ಕಳೆದರೆ ಮೆದುಳು ಅಲೆಯ ಲಯವನ್ನು ಕಲಿತುಬಿಡುತ್ತದೆ. ಹಡಗು ವಾಲುವ ಮೊದಲೇ ಎಷ್ಟು ವಾಲೀತೆಂದು ಲೆಕ್ಕ ಹಾಕಿ ದೇಹವನ್ನು ಸಿದ್ಧಮಾಡುತ್ತದೆ. ದಡಕ್ಕೆ ಇಳಿದ ಮೇಲೂ ಆ ಲೆಕ್ಕ ತಕ್ಷಣ ನಿಲ್ಲುವುದಿಲ್ಲ. ಬಾರದ ಅಲೆಗೆ ದೇಹ ಸಿದ್ಧವಾಗುತ್ತಲೇ ಇರುತ್ತದೆ. ಕಣ್ಣು ಮುಚ್ಚಿದರೆ ತೂಗಾಟ ಇನ್ನೂ ಹೆಚ್ಚು, ಏಕೆಂದರೆ ನೆಲ ನಿಂತಿದೆ ಎಂದು ಹೇಳುವ ಸಾಕ್ಷಿಗಳಲ್ಲಿ ಒಂದು ಮರೆಯಾಯಿತು. ಆ ಅಣ್ಣ ವಾಲಿದ್ದು ಕಣ್ಣು ಮುಚ್ಚಿ ಪ್ರಾರ್ಥಿಸಿ ಎದ್ದಾಗಲೇ ಎಂಬುದು ನಮಗೆ ಆಮೇಲೆ ಹೊಳೆಯಿತು.

ಹೆಚ್ಚಿನವರಿಗೆ ಇದು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ತಿಂಗಳು ಕಳೆದರೂ ಉಳಿಯುತ್ತದೆ. ಅಂಥವರು ವೈದ್ಯರಿಗೆ ತೋರಿಸಬೇಕು. ವಿಚಿತ್ರವೆಂದರೆ, ಹಾಗೆ ದೀರ್ಘಕಾಲ ನರಳುವ ಹಲವರಿಗೆ ಕಾರಿನಲ್ಲೋ ಬಸ್ಸಿನಲ್ಲೋ ಹೋಗುವಾಗ ತೂಗಾಟ ಕಡಿಮೆಯಾದಂತೆ ಅನಿಸುತ್ತದೆ. ನಿಂತ ನೆಲಕ್ಕಿಂತ ಚಲಿಸುವ ವಾಹನವೇ ಅವರಿಗೆ ಹಾಯೆನಿಸುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ನಮ್ಮೆದುರು ಒಬ್ಬರು ತೂರಾಡಿದರೆ ಅವರಿಗೆ ನಾವು ಕೊಡಬೇಕಾದದ್ದು ಏನು? ತೀರ್ಪೇ, ತೋಳೇ?

ಗಟ್ಟಿಯಾಗಿ ನಿಲ್ಲುವುದನ್ನು ನಾವು ಗುಣವೆಂದು ಎಣಿಸುತ್ತೇವೆ. ನಿಲ್ಲಲಾರದವರಲ್ಲಿ ಏನೋ ದೋಷವಿದೆ ಎಂದು ಮನಸ್ಸು ತಾನಾಗಿ ಹೇಳುತ್ತದೆ. ಆದರೆ ನಾವು ಗಟ್ಟಿಯಾಗಿ ನಿಂತಿರುವುದು ನಮ್ಮ ನೆಲ ಅಲುಗಾಡದ್ದರಿಂದ. ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿದೆ? ಅವರ ತೂರಾಟವಾದರೋ, ಅಲುಗಾಡುವ ಜಾಗದಲ್ಲಿ ತಿಂಗಳುಗಟ್ಟಲೆ ಬೀಳದೆ ನಿಂತು ಕೆಲಸ ಮಾಡಿದ್ದರ ಗುರುತು. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಅಪ್ಪನಿಗೆ ಊರಿನ ಮಾತು ಹಿಡಿಸದಿರುವುದು, ಗಂಡನ ಕಾಯಿಲೆಯಲ್ಲಿ ವರ್ಷವಿಡೀ ಆಸ್ಪತ್ರೆಯಲ್ಲಿ ಕಳೆದ ತಾಯಿಗೆ ಅವರ ಮರಣದ ನಂತರವೂ ನಡುರಾತ್ರಿ ಎಚ್ಚರವಾಗುವುದು, ಇವೂ ಬಾರದ ಅಲೆಗೆ ಸಿದ್ಧವಾಗುವ ದೇಹಗಳೇ. ಅಂಥವರನ್ನು "ಸರಿಯಿಲ್ಲ" ಎಂದು ಬದಿಗಿಡುವುದು ಸುಲಭ.

ಇಲ್ಲಿ ಯಾರಾದರೂ ಕೇಳಬಹುದು: ದೇವಾಲಯದಲ್ಲಿ ಶಿಸ್ತು ಬೇಡವೇ? ಆತ ನಿಜವಾಗಿಯೂ ಕುಡಿದಿದ್ದರೆ? ಪ್ರಶ್ನೆ ಸರಿಯಾದದ್ದೇ. ಪರಮಪ್ರಸಾದದ ಗೌರವ ಕಾಯುವುದು ನಮ್ಮೆಲ್ಲರ ಕರ್ತವ್ಯ. ಆದರೆ "ಅಣ್ಣಾ, ಹುಷಾರಿದ್ದೀರಾ?" ಎಂದು ಕೇಳಲು ಎಷ್ಟು ಹೊತ್ತು ಬೇಕಿತ್ತು? ನಾವು ತೋಳು ಹಿಡಿದೆವು ನಿಜ, ಕೇಳುವ ಮೊದಲೇ ತೀರ್ಮಾನಿಸಿ ಹಿಡಿದೆವು. ಸಕ್ಕರೆ ಕಡಿಮೆಯಾದವರೂ ತೂರಾಡುತ್ತಾರೆ, ಪಾರ್ಶ್ವವಾಯು ಬಡಿದವರೂ ತೂರಾಡುತ್ತಾರೆ. ಅವರನ್ನು ಕುಡುಕರೆಂದು ಹೊರಗೆ ಕೂರಿಸಿದರೆ ಜೀವವೇ ಹೋದೀತು. ಇನ್ನು ನಿಜವಾಗಿ ಕುಡಿದು ಬಂದವರಿದ್ದರೂ, ಅವರನ್ನು ಮನೆ ತಲುಪಿಸುವುದು ನಮ್ಮ ಕೆಲಸವೇ ಹೊರತು ಅಂಗಳದಲ್ಲಿ ಬಿಟ್ಟು ಒಳಗೆ ಬಂದು ಹಾಡುವುದಲ್ಲ.

ಸಮುಯೇಲನ ಮೊದಲನೆಯ ಗ್ರಂಥದಲ್ಲಿ ಹನ್ನಳ ಕಥೆ ಇದೆ. ಮಗುವಿಲ್ಲದ ಸಂಕಟದಲ್ಲಿ ಆಕೆ ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸುವುದನ್ನು ಕಂಡ ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ಭಾವಿಸಿ ಗದರಿಸಿದ. ಆದರೆ ಏಲಿ ನಮಗಿಂತ ಮೇಲು. ಆತ ಎದುರೆದುರೇ ಆಡಿದ, ಆಕೆಯ ಉತ್ತರವನ್ನು ಕೇಳಿದ, ತಪ್ಪು ತಿಳಿದೊಡನೆ ಹರಸಿ ಕಳುಹಿಸಿದ. ಪಂಚಾಶತ್ತಮದ ದಿನ ಪವಿತ್ರಾತ್ಮಭರಿತರಾದ ಪ್ರೇಷಿತರನ್ನು ಕಂಡು ಜನ ನಕ್ಕದ್ದೂ ಇದೇ ಮಾತು ಹೇಳಿ. ದೇವಾಲಯಕ್ಕೆ ಬರುವವರನ್ನು ಕುಡಿದವರೆಂದು ತಿಳಿಯುವ ತಪ್ಪು ಬಹಳ ಹಳೆಯದು.

ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಎರಡು ಅಧ್ಯಾಯಗಳನ್ನು ಈ ವಾರ ಮನೆಯಲ್ಲಿ ಓದಿ. ಸಂತ ಪೌಲರಿದ್ದ ಹಡಗು ಹದಿನಾಲ್ಕು ರಾತ್ರಿ ಬಿರುಗಾಳಿಗೆ ಸಿಕ್ಕಿ ಕೊನೆಗೆ ಒಡೆದುಹೋಯಿತು. ಹಡಗಿನಲ್ಲಿದ್ದ 276 ಮಂದಿಯೂ ಈಜಿಯೋ ಹಲಗೆ ಹಿಡಿದೋ ಮಾಲ್ಟ ದ್ವೀಪದ ದಡ ಸೇರಿದರು. ಆ ದ್ವೀಪದವರು ಮೊದಲು ಮಾಡಿದ್ದೇನು? ಮಳೆ, ಚಳಿ ಎಂದು ಬೆಂಕಿ ಹಾಕಿ ಎಲ್ಲರನ್ನೂ ಬರಮಾಡಿಕೊಂಡರು. ಯಾರು ಕೈದಿ, ಯಾರು ಸೈನಿಕ ಎಂದು ವಿಂಗಡಿಸಿದ ಮಾತು ಅಲ್ಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಪೌಲರ ಕೈಗೆ ಹಾವು ಸುತ್ತಿಕೊಂಡಾಗ ಅದೇ ಜನ ಇವನು ಕೊಲೆಗಾರನೇ ಇರಬೇಕು ಎಂದರು. ಅವರಿಗೆ ಏನೂ ಆಗದಿದ್ದಾಗ ಇವನು ದೇವರೇ ಎಂದರು. ಎರಡು ತೀರ್ಪೂ ಸುಳ್ಳು. ಅವರು ಹಾಕಿದ ಬೆಂಕಿ ಮಾತ್ರ ನಿಜವಾಗಿತ್ತು.

ನಮ್ಮದೂ ಇದೇ ಕಥೆ. ತಪ್ಪು ತಿಳಿದ ಮೇಲೆ ನಮಗೆ ತೋಚಿದ್ದು, ಯುವಜನರ ದಿನದಂದು ಆ ಅಣ್ಣನಿಗೆ ಶಾಲು ಹೊದಿಸಿ ಸನ್ಮಾನ ಮಾಡೋಣ ಎಂದು! ಕ್ಷಮೆ ಕೇಳಲು ಮನೆಗೆ ಹೋಗಿ ಅದನ್ನೂ ಹೇಳಿದೆವು. ಅವರು ನಕ್ಕುಬಿಟ್ಟರು. "ಬಿಡಿ ಮಾರಾಯ್ರೆ, ನನಗೇ ನೆಲ ತೂಗುತ್ತಿತ್ತು, ನಿಮಗೆ ಹೇಗೆ ಗೊತ್ತಾಗಬೇಕು? ಶಾಲು ಎಲ್ಲ ಬೇಡ. ಸಂಜೆ ವಾಲಿಬಾಲ್‌ಗೆ ಕರೆಯಿರಿ, ಸಾಕು" ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಊರಿಗೆ ಬಂದರೆ ಎಲ್ಲರೂ ಎರಡೇ ಪ್ರಶ್ನೆ ಕೇಳುವುದು. ಯಾವಾಗ ಬಂದದ್ದು? ಯಾವಾಗ ಹೋಗುವುದು?" ಆ ಎರಡು ಪ್ರಶ್ನೆಗಳ ನಡುವೆ ಕಾಲೂರಲು ಅವರಿಗೆ ಜಾಗವೇ ಉಳಿದಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ; ಹೆಸರು ಬೇಡ ಎಂದಿದ್ದಾರೆ.

ನೆಲದ ಸಮತೋಲ ಮರಳಿ ಬರುವುದು ಹೇಗೆ? ಮಲಗಿಕೊಂಡರೆ ಅದು ಬರುವುದಿಲ್ಲ. ಎದ್ದು ನಡೆಯಬೇಕು, ಅಲುಗದೆ ನಿಂತ ಯಾವುದನ್ನಾದರೂ ಕಣ್ಣಿನಿಂದ ಹಿಡಿಯಬೇಕು. ಪ್ರತಿ ಹೆಜ್ಜೆಯೂ ಮೆದುಳಿಗೆ ಹೊಸ ಸುದ್ದಿ ಕೊಡುತ್ತದೆ, ಹಳೆಯ ಲೆಕ್ಕ ಮೆಲ್ಲನೆ ಅಳಿಯುತ್ತದೆ. ಅವರ ಪರವಾಗಿ ಬೇರೆ ಯಾರೂ ನಡೆಯಲಾರರು. ಆದರೆ ನಡೆಯುವಾಗ ಪಕ್ಕದಲ್ಲಿ ಒಬ್ಬರಿರಬಹುದು. ಸಂತ ಯೊವಾನ್ನರ ಶುಭಸಂದೇಶದ ಕೊನೆಯಲ್ಲಿ ಪುನರುತ್ಥಾನರಾದ ಯೇಸುಸ್ವಾಮಿ ಮಾಡಿದ್ದೂ ಇದನ್ನೇ. ರಾತ್ರಿಯಿಡೀ ದೋಣಿಯಲ್ಲಿ ಕಳೆದು ದಡಕ್ಕೆ ಬಂದ ಶಿಷ್ಯರಿಗಾಗಿ ಅವರು ಕೆಂಡ ಮಾಡಿ, ಮೀನು ರೊಟ್ಟಿ ಸಿದ್ಧಪಡಿಸಿ ಕಾದಿದ್ದರು. ಪೇತ್ರನಿಗೆ ಕೇಳಲೇಬೇಕಾದ ಕಠಿಣ ಪ್ರಶ್ನೆ ಅವರ ಬಳಿ ಇತ್ತು. ಅದನ್ನು ಊಟವಾದ ಮೇಲೆ ಕೇಳಿದರು.

ಕಡಲ ಕಾರ್ಮಿಕರಿಗಾಗಿ ಧರ್ಮಸಭೆಯ ಸೇವೆ 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಆರಂಭವಾಗಿ, ಇಂದು ಸ್ಟೆಲ್ಲಾ ಮಾರಿಸ್ ಎಂಬ ಹೆಸರಿನಲ್ಲಿ ಹಲವು ದೇಶಗಳ ಬಂದರುಗಳಲ್ಲಿ ನಡೆಯುತ್ತಿದೆ. ಒಬ್ಬ ನಾವಿಕನನ್ನು ಸತತವಾಗಿ 12 ತಿಂಗಳು ತುಂಬುವ ಮೊದಲೇ ಮನೆಗೆ ಕಳುಹಿಸಬೇಕೆಂದು 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಆದರೂ 2020ರ ಕೊರೊನಾ ಕಾಲದಲ್ಲಿ ಸುಮಾರು 4 ಲಕ್ಷ ಮಂದಿ ಅವಧಿ ಮುಗಿದರೂ ಹಡಗುಗಳಲ್ಲೇ ಸಿಕ್ಕಿಬಿದ್ದಿದ್ದರು. ಬಂದರಿನವರೆಗೆ ನೋಡಿಕೊಳ್ಳಲು ಸಂಸ್ಥೆಗಳಿವೆ, ಕಾನೂನುಗಳಿವೆ. ಬಂದರಿನಿಂದ ಮನೆಯ ಮೆಟ್ಟಿಲಿನವರೆಗಿನ ದಾರಿ ನಮ್ಮ ಪಾಲಿನದು.

ಆದ್ದರಿಂದ ಯುವಜನರು ಒಂದು ಸಣ್ಣ ನಿರ್ಧಾರ ಮಾಡಿದ್ದೇವೆ. ಹಡಗಿನಿಂದಾಗಲಿ, ಗಲ್ಫಿನಿಂದಾಗಲಿ, ದೀರ್ಘಕಾಲದ ಆಸ್ಪತ್ರೆಯಿಂದಾಗಲಿ ಯಾರೇ ಮನೆಗೆ ಮರಳಿದರೂ ಮೊದಲ ವಾರದಲ್ಲಿ ನಮ್ಮಲ್ಲಿ ಇಬ್ಬರು ಹೋಗಿ ಬರುತ್ತೇವೆ. ಎಷ್ಟು ತಂದಿರಿ, ಯಾವಾಗ ಹೋಗುವುದು ಎಂದು ಕೇಳುವುದಿಲ್ಲ. ಚಹಾ ಕುಡಿದು, ಒಪ್ಪಿದರೆ ಜೊತೆಗೆ ಒಂದಿಷ್ಟು ನಡೆದು ಬರುತ್ತೇವೆ. ಇಗರ್ಜಿಯಲ್ಲಿ ಯಾರಾದರೂ ವಾಲಿದರೆ ಮೊದಲು ಕೇಳುತ್ತೇವೆ. ಗುರ್ಕಾರರು ಮತ್ತು ಹಿರಿಯರು ಇದರಲ್ಲಿ ನಮ್ಮನ್ನು ತಿದ್ದಿ ನಡೆಸಬೇಕಾಗಿ ವಿನಂತಿ.

ಆ ಅಣ್ಣ ಈಗ ಮತ್ತೆ ಕಡಲಿನಲ್ಲಿದ್ದಾರೆ. ಅವರು ಮರಳಿ ಬರುವ ದಿನ ನೆಲ ಮತ್ತೆ ತೂಗುತ್ತದೆ, ಅದನ್ನು ನಾವು ತಡೆಯಲಾರೆವು. ಸಮುದ್ರ ತಾರೆಯಾದ ಮಾತೆ ಮರಿಯಮ್ಮನವರು ಅವರನ್ನೂ ಅವರಂಥ ಎಲ್ಲರನ್ನೂ ಕ್ಷೇಮವಾಗಿ ದಡ ಸೇರಿಸಲಿ. ದಡದಲ್ಲಿ ನಿಂತಿರುವ ನಮಗೆ ಕೈ ಚಾಚುವ ಬುದ್ಧಿ ಕೊಡಲಿ.

— ಯುವಜನ ಸಂಘದ ಪರವಾಗಿ, ಸಂಚಾಲಕರು