ಬ್ರೀದರ್ ಪೈಪಿನ ಬಾಟಲಿ

ಲಾರಿ ಇಂಜಿನ್ ಬಗ್ಗೆ ನನಗೆ ಗೊತ್ತಿರೋದೆಲ್ಲ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಎರಡು ದಿನ ಹಳೇ ಟೈರಿನ ಮೇಲೆ ಕೂತು ಕಲಿತದ್ದು. ವರ್ಕ್ ಫ್ರಮ್ ಹೋಮ್ ವಾರ ಅಂತ ಹರಿಹರಕ್ಕೆ ಹೋಗಿದ್ದೆ. ಸೋದರಮಾವ, “ಗಾಡಿ ಮಾರಬೇಕು, ಬಾರಪಾ, ಚಂದಾಗಿ ನಾಕು ಫೋಟೋ ಹೊಡಕೊಡು” ಅಂದರು. ಹೋದೆ.

ಮಾವ ಹುಟ್ಟಾ ಲಾರಿಯವರಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇತ್ತಲ್ಲ, ಲೇತ್ ಯಂತ್ರಗಳಿಗೆ ಹೆಸರಾದದ್ದು, ಅಲ್ಲಿ ಕೆಲಸ ಕಲಿತವರು. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಅದರಲ್ಲಿ ಎರಡು ಭಾಗ ಹೆಚ್ಚಾದರೆ ನಿದ್ದೆ ಬಾರದ ಜಾತಿ. ಕಾರ್ಖಾನೆ ನಿಂತ ಮೇಲೆ ಲಾರಿ ತಗೊಂಡರು. ಈಗಿರೋದು 2012ರ ಹತ್ತು ಚಕ್ರದ ಗಾಡಿ. ದಾವಣಗೆರೆ ಸುತ್ತಿನ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆಯ ಕೋಳಿ ಆಹಾರದ ಮಿಲ್ಲುಗಳಿಗೆ ಹೋಗಿ ಬರೋದು ಅದರ ಕೆಲಸ.

ಆ ಗಾಡಿಯ ಇಂಜಿನ್ ಪಕ್ಕ ಒಂದು ಬಾಟಲಿ ಕಟ್ಟಿತ್ತು. ಹಳೇ ಕೂಲಂಟ್ ಡಬ್ಬಿ, ಅದರ ಬಾಯಿಗೆ ಒಂದು ರಬ್ಬರ್ ಪೈಪು. ವಿಷಯ ಇಷ್ಟೇ: ಎಷ್ಟೇ ಹೊಸ ಇಂಜಿನ್ ಆದರೂ ಪಿಸ್ಟನ್ ರಿಂಗುಗಳ ಸಂದಿಯಿಂದ ಒಂಚೂರು ಗ್ಯಾಸ್ ಕೆಳಗಿನ ಎಣ್ಣೆಯ ಮನೆಗೆ ನುಗ್ಗುತ್ತೆ. ಮೇಸ್ತ್ರಿಗಳು ಇದಕ್ಕೆ ‘ಬ್ಲೋ ಬೈ’ ಅಂತಾರೆ. ಆ ಗ್ಯಾಸ್ ಹೊರಗೆ ಹೋಗಲೇಬೇಕು, ಇಲ್ಲಾಂದ್ರೆ ಸೀಲುಗಳನ್ನು ಒದ್ದುಕೊಂಡು ಹೋಗುತ್ತೆ. ಅದಕ್ಕೇ ಬ್ರೀದರ್ ಪೈಪ್. ಗ್ಯಾಸ್ ಹೋಗುವಾಗ ಎಣ್ಣೆಯ ಹನಿಗಳನ್ನೂ ಎಳಕೊಂಡು ಹೋಗುತ್ತೆ. ರಸ್ತೆ ಮೇಲೆ ಸುರಿಯೋದರ ಬದಲು ಬಾಟಲಿಯಲ್ಲಿ ಹಿಡಿಯೋಣ ಅಂತ ಮಾವ ಕಟ್ಟಿಸಿದ್ದರು. ಮೊದಲು ತಿಂಗಳಿಗೆ ಒಂದು ಲೋಟ ಬೀಳೋದು. ಈಗ ಒಂದು ಟ್ರಿಪ್ಪಿಗೇ ತುಂಬಿ ಚೆಲ್ಲುತ್ತಿತ್ತು.

ಮೇಸ್ತ್ರಿ ಗಡಿಬಿಡಿ ಮಾಡೋ ಮನುಷ್ಯ ಅಲ್ಲ. ಮೊದಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಒಂದು ಟೀ ಕುಡಿದು ಬಂದು ಗೇಜ್ ಕಡ್ಡಿ ಎಳೆದರು. ಎಣ್ಣೆ ಮೇಲಿನ ಗೆರೆ ದಾಟಿತ್ತು. ಕ್ಲೀನರ್ ಹುಡುಗ ಗಾಡಿ ನಿಲ್ಲಿಸಿದ ತಕ್ಷಣ ನೋಡ್ತಿದ್ದನಂತೆ. ಮೇಲೆ ಹೋದ ಎಣ್ಣೆ ಇನ್ನೂ ಕೆಳಗೆ ಇಳಿದಿರಲ್ಲ, ಕಡಿಮೆ ಅನಿಸೋದು, ಇನ್ನಷ್ಟು ಸುರಿಯೋನು. ಮೇಸ್ತ್ರಿ ಕಡ್ಡಿ ಮೂಸಿ ನೋಡಿದರು: ಡೀಸೆಲ್ ಬೆರೆತರೂ ಮಟ್ಟ ಏರುತ್ತಂತೆ. ವಾಸನೆ ಇರಲಿಲ್ಲ. ಹೆಚ್ಚಿನ ಎಣ್ಣೆ ಇಳಿಸಿ ಹರಿಹರದ ತನಕ ಓಡಿಸಿ ಬಂದೆವು. ಬೀಳೋದು ಕಡಿಮೆಯಾಯ್ತು, ನಿಲ್ಲಲಿಲ್ಲ.

ಆಮೇಲೆ ಬ್ರೇಕಿಗೆ ಗಾಳಿ ತುಂಬೋ ಕಂಪ್ರೆಸರ್. ಅದಕ್ಕೂ ಒಂದು ಪಿಸ್ಟನ್ ಇದೆ, ಅದರ ರಿಂಗ್ ಸವೆದರೆ ಅದರ ಗಾಳಿಯೂ ಇಂಜಿನ್ ಹೊಟ್ಟೆಗೇ ಬರುತ್ತೆ. ಎಷ್ಟೋ ಜನ ಇದನ್ನು ನೋಡದೆ ಇಂಜಿನ್ ಬಿಚ್ಚಿ ಲಕ್ಷ ಕಳಕೊಂಡಿದ್ದಾರೆ ಅಂದರು ಮೇಸ್ತ್ರಿ. ಚಕ್ರಕ್ಕೆ ಕಲ್ಲು ಕೊಟ್ಟು, ಕಂಪ್ರೆಸರಿನಿಂದ ಹೋಗೋ ಪೈಪ್ ಬಿಚ್ಚಿ ಇಂಜಿನ್ ಓಡಿಸಿದರು. ವ್ಯತ್ಯಾಸ ಇಲ್ಲ. ಟರ್ಬೊ ಪೈಪಿನೊಳಗೆ ಬೆರಳಾಡಿಸಿದರು, ಒಣಗಿತ್ತು. ಅದರ ಶಾಫ್ಟೂ ಅಲುಗಾಡಲಿಲ್ಲ. ಕೊನೆಗೆ ಗಾರೆ ಕೆಲಸದವರ ಲೆವೆಲ್ ಪೈಪಿನ ತುಂಡೊಂದನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ನೀರು ತುಂಬಿ, ಒಂದು ತುದಿಯನ್ನು ಕಡ್ಡಿಯ ತೂತಿಗೆ ಕೂರಿಸಿದರು. ಇಂಜಿನ್ ಏರಿಸಿದಂಗೆ ನೀರು ಆ ಕಡೆ ಏರ್ತಾ ಹೋಯ್ತು. ಎಣ್ಣೆ ಹಾಕೋ ಮುಚ್ಚಳ ಸಡಿಲಿಸಿ ಮೇಲೆ ಇಟ್ಟರೆ ಅದು ಕುಣೀತಿತ್ತು.

“ರಿಂಗ್ ಹೋಗ್ಯಾವ ಯಜಮಾನ್ರೇ. ಬಾಟ್ಲಿ ಪಾಪ ದಿನಾ ಹೇಳ್ತಿತ್ತು. ನೀವು ದಿನಾ ಅದನ್ನ ಖಾಲಿ ಮಾಡ್ತಿದ್ರಿ.”

ಮಾವ ಮಾತಾಡಲಿಲ್ಲ. ನನಗೆ ನಮ್ಮ ಆಫೀಸಿನ ಅಲರ್ಟ್ ನೆನಪಾಯ್ತು. ಸರ್ವರ್ 80 ಪರ್ಸೆಂಟ್ ತುಂಬಿದರೆ ರಾತ್ರಿ ಫೋನ್ ಹೊಡಕೊಳ್ಳೋದು. ನಾವು ಅದನ್ನ 90ಕ್ಕೆ ಏರಿಸಿ ಹಾಯಾಗಿ ಮಲಗಿದ್ವಿ. ಇರಲಿ, ಆ ಕತೆ ಬೇರೆ.

ಇಂಜಿನ್ ಕೆಲಸಕ್ಕೆ ಒಂದೂವರೆ ಲಕ್ಷದ ಮೇಲೆ ಆಗುತ್ತೆ ಅಂದಾಗ ಬ್ರೋಕರ್ ನಕ್ಕ. “ಮಾರೋ ಗಾಡಿಗೆ ಯಾರ್ ಮಾಡಿಸ್ತಾರ? ಬಾಟ್ಲಿ ಕಿತ್ತಾಕ್ರಿ, ದಪ್ಪ ಎಣ್ಣೆ ಹಾಕ್ರಿ, ಇಂಜಿನ್ ತೊಳಸ್ರಿ. ಒಂದ್ ವಾರಕ್ಕ ಚಿಂತಿಲ್ಲ.” ಮಾವ ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಮಗಳ ನರ್ಸಿಂಗ್ ಕೋರ್ಸಿನ ಫೀಸು ತಲೆ ಮೇಲಿತ್ತು. ಬಾಟಲಿ ಗ್ಯಾರೇಜಿನ ಮೂಲೆ ಸೇರಿತು. ನಾನು ಫೋಟೋ ಹೊಡೆದೆ. ತೊಳೆದ ಇಂಜಿನ್ ಫೋಟೋದಲ್ಲಿ ಮಿರಮಿರ ಮಿಂಚ್ತಿತ್ತು.

ಮೂರನೇ ದಿನ ಮಲೇಬೆನ್ನೂರು ಕಡೆಯ ಹುಡುಗನೊಬ್ಬ ಬಂದ. ಏಳು ವರ್ಷ ಬೇರೆಯವರ ಗಾಡಿ ಓಡಿಸಿ, ಈಗ ಫೈನಾನ್ಸಿನಲ್ಲಿ ಸಾಲ ಮಾಡಿ ಮೊದಲನೇ ಸ್ವಂತ ಗಾಡಿ. ಸುತ್ತು ಹಾಕಿದ, ಟೈರಿಗೆ ಒದ್ದ, ಓಡಿಸಿ ನೋಡಿದ. ಇಳಿದು ಬಂದು ಮಾವನ ಎದುರು ನಿಂತ. “ಕಾಕಾ, ನಂಗ ಇಂಜಿನ್ ಅಷ್ಟು ತಿಳಿಯಂಗಿಲ್ಲ. ನೀವೇನೂ ಹೇಳ್ಲಿಲ್ಲಂದ್ರ ಏನೂ ತೊಂದ್ರಿಲ್ಲ ಅಂತ ತಿಳ್ಕಂತೀನಿ.”

ಮಾವ ತುಂಗಭದ್ರಾ ಸೇತುವೆ ಇರೋ ದಿಕ್ಕಿಗೆ ನೋಡ್ತಾ ನಿಂತರು. ಒಂದು ನಿಮಿಷ ಆಗಿರಬಹುದು. ನಾನು ಹೇಳಿಬಿಟ್ಟೆ. ರಿಂಗು, ಬಾಟಲಿ, ಎಲ್ಲ. ಹುಡುಗ ಗಾಡಿಯನ್ನೇನೋ ತಗೊಂಡ, ಮಾತಾಡಿದ್ದಕ್ಕಿಂತ 1.2 ಲಕ್ಷ ಕಡಿಮೆಗೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ, ಮಾಡಿದ್ದು ಸರಿ ಅಂತ ಖಾತ್ರಿ ಮಾಡ್ಕೊಳ್ಳೋಕೆ ಒಂದಿಷ್ಟು ಓದಿದೆ. (ನಮ್ಮಂಥವರು ಮಾಡೋದೇ ಹಾಗೆ ಅಲ್ವಾ, ಮೊದಲು ಮಾಡೋದು, ಆಮೇಲೆ ಗೂಗಲ್.) 1872ರ ಕರಾರು ಕಾಯ್ದೆಯ 17ನೇ ಕಲಂ ಹೆಚ್ಚುಕಮ್ಮಿ ನಮ್ಮ ಲಾರಿಯದೇ ಕತೆ, ಲಾರಿಯ ಜಾಗದಲ್ಲಿ ಕುದುರೆ ಇದೆ ಅಷ್ಟೆ. ಹರಾಜಿನಲ್ಲಿ ಮಾರುವವನು ಕುದುರೆಯ ಖಾಯಿಲೆ ಬಗ್ಗೆ ಸುಮ್ಮನಿದ್ದರೆ ಅದು ಮೋಸ ಅಲ್ಲ. ಕೊಳ್ಳೋಳು ಆಗತಾನೇ ವಯಸ್ಸಿಗೆ ಬಂದ ಅವನ ಮಗಳೇ ಆದರೆ ಹೇಳೋದು ಅವನ ಕರ್ತವ್ಯ. ಇನ್ನು, ನೀನು ಇಲ್ಲ ಅನ್ನದಿದ್ರೆ ಕುದುರೆ ಚೆನ್ನಾಗಿದೆ ಅಂದ್ಕೋತೀನಿ ಅಂತ ಕೊಳ್ಳೋನು ಬಾಯಿಬಿಟ್ಟು ಹೇಳಿದ ಮೇಲೆ ಸುಮ್ಮನಿರೋದು ಮಾತಾಡಿದ್ದಕ್ಕೆ ಸಮ. ಮಲೇಬೆನ್ನೂರಿನ ಹುಡುಗ ಕಾಯ್ದೆ ಓದಿರಲಿಕ್ಕಿಲ್ಲ. ಆದರೂ ಅದೇ ಮಾತು ಆಡಿದ್ದ. ಅದಕ್ಕೂ ಮೊದಲು ‘ಕಾಕಾ’ ಅಂತ ಕರೆದು ಮಗಳ ಸಾಲಿಗೂ ಒಂದು ಕಾಲು ಇಟ್ಟಿದ್ದ. ನಮ್ಮ ಕಡೆ ಸಂತೆಯಲ್ಲೂ ಕಾಕಾ, ಅಕ್ಕಾ ಅಂತಲೇ ಕರೀತೀವಿ. ಅದರಲ್ಲಿ ಎಷ್ಟು ಅಭ್ಯಾಸ, ಎಷ್ಟು ಬೇಡಿಕೆ, ಕರೆಯೋನಿಗೂ ಗೊತ್ತಿರಲ್ಲ.

ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೊ ಕೂಡ ಇದನ್ನೇ ಕೇಳಿದ್ದ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ಧಾನ್ಯ ತರ್ತಾನೆ. ಹಿಂದೆಯೇ ಇನ್ನಷ್ಟು ಹಡಗು ಬರ್ತಿರೋದು ಅವನಿಗೊಬ್ಬನಿಗೇ ಗೊತ್ತು. ಹೇಳಬೇಕಾ? ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಅಂತ ಒಬ್ಬ ಗುರು, ಎಲ್ಲ ಹೇಳಬೇಕು ಅಂತ ಅವನ ಶಿಷ್ಯ. ಸಿಸೆರೊ ಶಿಷ್ಯನ ಕಡೆಗೆ ವಾಲಿದ. ನಾನು ಗೆದ್ದೆ ಅಂದ್ಕೊಂಡೆ.

ಆದರೆ ಇವರ್ಯಾರ ಲೆಕ್ಕದಲ್ಲೂ ನಾನಿಲ್ಲ. ಧಾನ್ಯ ಮಾರೋನಿದ್ದಾನೆ, ಕೊಳ್ಳೋನಿದ್ದಾನೆ. ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತ ಅಳಿಯ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಾವ ಕೇಳಿದ್ದು ಒಂದೇ ಮಾತು: “ನಿನ್ನ ಸತ್ಯದ ಬಿಲ್ಲು ನನ್ನ ಹೆಸರಿಗ್ಯಾಕ ಬಂತಪಾ?”

ಉತ್ತರ ಹುಡುಕ್ತಾನೇ ಇದೀನಿ. ನಾನು ಸುಮ್ಮನಿದ್ದರೆ ಆ ಬಿಲ್ಲು ಹುಡುಗನ ಹೆಸರಿಗೆ ಹೋಗೋದು, ಬಡ್ಡಿ ಸಮೇತ. ಹಾಗಾಗಿ ಹೇಳಿದ್ದು ತಪ್ಪು ಅಂತ ಇವತ್ತಿಗೂ ಅನಿಸಲ್ಲ. ಆದರೆ ಎರಡೂ ಕಡೆ ಕಟ್ಟೋರು ಬೇರೆಯವರೇ. ತಿಂಗಳ ಸಂಬಳ ಬಂದು ಬೀಳೋ ನನಗೆ ಸತ್ಯ ಅವತ್ತು ಪುಕ್ಕಟೆ ಸಿಕ್ಕಿತ್ತು. ಮಾವನಿಗೆ ಇನ್ನೊಂದು ನಿಮಿಷ ಕೊಟ್ಟಿದ್ದರೆ ಅವರೇ ಹೇಳ್ತಿದ್ದರೋ ಏನೋ. ನೂರರಲ್ಲಿ ಎರಡು ಭಾಗಕ್ಕೆ ನಿದ್ದೆಗೆಟ್ಟ ಮನುಷ್ಯ. ಆ ನಿಮಿಷವನ್ನು ಅವರಿಂದ ಕಿತ್ತುಕೊಂಡೆ ಅನ್ನೋದು ದುಡ್ಡಿಗಿಂತ ಹೆಚ್ಚು ಕಾಡುತ್ತೆ. ಅರ್ಧ ದುಡ್ಡು, 60 ಸಾವಿರ, ಅವರ ಅಕೌಂಟಿಗೆ ಹಾಕಿದೆ. ಮಾರನೇ ದಿನ ವಾಪಸ್ ಬಂತು. ಜೊತೆಗೆ ಒಂದು ಮೆಸೇಜು: “ಗಾಡಿ ನಂದಿತ್ತು.”

ಐದು ತಿಂಗಳು ಫೋನ್ ಇಲ್ಲ. ಮೊನ್ನೆ ಭಾನುವಾರ ಅವರೇ ಮಾಡಿದರು. ಹುಡುಗ ಇಂಜಿನ್ ಬಿಚ್ಚಿಸಿದ್ದನಂತೆ, ಹೊಸ ಲೈನರ್ ಹಾಕೋ ದಿನ “ಕಾಕಾ, ಒಂದ್ಸಲ ಬಂದು ಅಳತಿ ನೋಡ್ರಿ” ಅಂತ ಕರೆದನಂತೆ. ಮಾವ ಕಾರ್ಖಾನೆ ಕಾಲದ ಬೋರ್ ಗೇಜನ್ನು ಟ್ರಂಕಿನಿಂದ ತೆಗೆದು, ಒರೆಸಿ, ಬಸ್ ಹತ್ತಿ ಹೋಗಿದ್ದರು. ಆರು ಲೈನರಿನ ಅಳತೆಯನ್ನೂ ಒಂದೊಂದಾಗಿ ನನಗೆ ಓದಿ ಹೇಳಿದರು. ನಾಲ್ಕನೇದು ಸ್ವಲ್ಪ ಬಿಗಿ ಇತ್ತಂತೆ, ವಾಪಸ್ ಕೊಡಿಸಿ ಬೇರೆ ತರಿಸಿದರಂತೆ.