ನಡೆಯಲಿರುವುದನ್ನು ನುಡಿಯುವುದು: ರಾಸೀನನ ‘ಬೆರೆನೀಸ್’ ನಾಟಕದ ವಿಚಾರ

ಕರ್ತವ್ಯಕ್ಕಾಗಿ ಪ್ರೀತಿಯನ್ನು ತೊರೆದವರನ್ನು ಲೋಕವು ಕೊಂಡಾಡುತ್ತದೆ. ತೊರೆಯಲ್ಪಟ್ಟವರ ಗತಿಯೇನಾಯಿತೆಂದು ವಿಚಾರಿಸುವವರು ವಿರಳ. ತನ್ನ ಸುಖವನ್ನು ತಾನು ಬಿಡುವುದೇ ತ್ಯಾಗವಾದರೆ ಅದರಲ್ಲಿ ಸಂದೇಹಕ್ಕೆಡೆಯಿಲ್ಲ. ಆದರೆ ತನ್ನನ್ನೇ ನಂಬಿ ಕುಳಿತ ಇನ್ನೊಂದು ಜೀವದ ಸುಖವನ್ನೂ ಅದರೊಡನೆ ಬಿಟ್ಟುಕೊಡುವ ಅಧಿಕಾರವು ತ್ಯಾಗಿಗೆ ಎಲ್ಲಿಂದ ಬಂದಿತು? ಬಂದಿದೆಯೆಂದೇ ಒಪ್ಪಿದರೂ, ಆ ಜೀವಕ್ಕೆ ಅವನು ಸಲ್ಲಿಸಬೇಕಾದ ಋಣವೇನು? ಫ್ರಾನ್ಸ್ ದೇಶದ ಮಹಾಕವಿ ರಾಸೀನನು 1670ರಲ್ಲಿ ರಂಗಕ್ಕೆ ತಂದ ‘ಬೆರೆನೀಸ್’ ಎಂಬ ರುದ್ರನಾಟಕವು ಈ ಪ್ರಶ್ನೆಯ ಸುತ್ತಲೇ ಹೆಣೆದುದಾಗಿದೆ.

ಕಥಾವಸ್ತುವು ರೋಮನ್ ಚರಿತ್ರೆಯದು. ಕ್ರಿ.ಶ. 70ರಲ್ಲಿ ಜೆರುಸಲೇಮ್ ಪಟ್ಟಣವನ್ನು ಗೆದ್ದ ಸೇನಾಪತಿ ಟೈಟಸ್. ಅಲ್ಲಿಯ ಮಹಾದೇವಾಲಯವು ಬೂದಿಯಾದುದು ಆ ಮುತ್ತಿಗೆಯಲ್ಲಿಯೇ. ಅವನು ಪ್ರೀತಿಸಿದ ಬೆರೆನೀಸಳಾದರೋ ಅದೇ ಯೆಹೂದ್ಯ ಜನಾಂಗದ ರಾಜವಂಶದವಳು. ಸಂತ ಪೌಲನ ವಿಚಾರಣೆ ನಡೆದ ಸಭೆಯಲ್ಲಿ ತನ್ನ ಸೋದರನಾದ ಅಗ್ರಿಪ್ಪರಾಜನೊಡನೆ ಕುಳಿತಿದ್ದ ರಾಣಿ ಇವಳೇ ಎಂಬುದನ್ನು ಬೈಬಲನ್ನು ಬಲ್ಲವರು ನೆನೆಯಬಹುದು. ಕ್ರಿ.ಶ. 79ರಲ್ಲಿ ತಂದೆಯಾದ ವೆಸ್ಪೇಸಿಯನನು ಗತಿಸಲು ಟೈಟಸನು ಚಕ್ರವರ್ತಿಯಾದನು. ರಾಣಿಯೊಬ್ಬಳನ್ನು, ಅದರಲ್ಲಿಯೂ ಪರದೇಶದವಳನ್ನು, ತನ್ನ ಒಡೆಯನು ವರಿಸುವುದನ್ನು ರೋಮ್ ಸಹಿಸುತ್ತಿರಲಿಲ್ಲ. ತನಗೂ ಒಲ್ಲದೆ ಅವಳಿಗೂ ಒಲ್ಲದೆ ಅವನು ಅವಳನ್ನು ನಗರದಿಂದ ಕಳುಹಿಸಿಬಿಟ್ಟನೆಂದು ಚರಿತ್ರಕಾರ ಸ್ವೆಟೋನಿಯಸನು ನಾಲ್ಕಾರು ಪದಗಳಲ್ಲಿ ಹೇಳಿ ಮುಂದೆ ಸಾಗುತ್ತಾನೆ. ರಾಸೀನನು ಆ ನಾಲ್ಕಾರು ಪದಗಳಿಂದ ಐದು ಅಂಕಗಳ ನಾಟಕವನ್ನು ಕಟ್ಟಿದನು. ಚರಿತ್ರೆಯ ಬೆರೆನೀಸಳು ಟೈಟಸನಿಗಿಂತ ಹತ್ತು ವರ್ಷಕ್ಕೂ ಹಿರಿಯಳು, ಹಿಂದೆ ವಿವಾಹವಾಗಿದ್ದವಳು. ಕವಿಯು ಅದೆಲ್ಲವನ್ನೂ ಬದಿಗಿಟ್ಟಿದ್ದಾನೆ. ತನ್ನ ಜನರ ದೇಗುಲವನ್ನು ಸುಟ್ಟ ಸೇನೆಯ ನಾಯಕನನ್ನು ಅವಳು ಹೇಗೆ ಪ್ರೀತಿಸಿದಳೆಂಬ ಕಠಿನ ಪ್ರಶ್ನೆಯನ್ನೂ ಅವನು ಎತ್ತಿಕೊಳ್ಳುವುದಿಲ್ಲ. ಇದೊಂದು ಕೊರತೆಯೆಂದೇ ಹೇಳಬೇಕು.

ನಾಟಕದಲ್ಲಿ ಯುದ್ಧವಿಲ್ಲ, ವಿಷವಿಲ್ಲ, ಕೊಲೆಯಿಲ್ಲ. ರುದ್ರನಾಟಕಕ್ಕೆ ರಕ್ತವೂ ಹೆಣಗಳೂ ಅವಶ್ಯವಲ್ಲವೆಂದೂ, ಘನವಾದ ದುಃಖವೊಂದಿದ್ದರೆ ಸಾಕೆಂದೂ ಕವಿಯು ಮುನ್ನುಡಿಯಲ್ಲಿ ವಾದಿಸಿದ್ದಾನೆ. ಪ್ಯಾರಿಸಿನ ಜನರು ಈ ವಾದವನ್ನು ಒಪ್ಪಿದಂತೆ ತೋರುತ್ತದೆ. ಮೂವತ್ತನೆಯ ಪ್ರದರ್ಶನಕ್ಕೂ ಮೊದಲನೆಯದಕ್ಕೆ ಸೇರಿದಷ್ಟೇ ಜನ ಸೇರಿದ್ದರಂತೆ. ಅವರ ದೊರೆಯಾದ ಹದಿನಾಲ್ಕನೆಯ ಲೂಯಿಯು ಯೌವನದಲ್ಲಿ ಮಂತ್ರಿ ಮಜಾರಿನನ ಸೋದರಿಯ ಮಗಳನ್ನು ಪ್ರೀತಿಸಿ, ರಾಜ್ಯದ ಹಿತಕ್ಕಾಗಿ ಅವಳನ್ನು ಬಿಟ್ಟು, 1660ರಲ್ಲಿ ಸ್ಪೇನಿನ ರಾಜಕುಮಾರಿಯನ್ನು ವರಿಸಿದ್ದನು. ಪ್ರೇಕ್ಷಕರು ಅದನ್ನು ಮರೆತಿರಲಾರರು.

ರಂಗಸ್ಥಳವು ಒಂದೇ ಒಂದು ಕೊಠಡಿ. ಅದರ ಒಂದು ಬಾಗಿಲು ಟೈಟಸನ ಮನೆಯ ಕಡೆಗೆ, ಇನ್ನೊಂದು ಬೆರೆನೀಸಳ ಮನೆಯ ಕಡೆಗೆ. ತಂದೆಯು ಗತಿಸಿ ಎಂಟು ದಿನಗಳಾಗಿವೆ. ಶೋಕದ ದಿನಗಳು ತೀರಿದವು, ಇನ್ನು ವಿವಾಹವೇ ಎಂದು ರಾಣಿಯು ಹಿಗ್ಗಿನಲ್ಲಿದ್ದಾಳೆ. ಟೈಟಸನು ಆಗಲೇ ಅಗಲಿಕೆಯನ್ನು ನಿಶ್ಚಯಿಸಿದ್ದಾನೆ. ಆಪ್ತನಾದ ಪಾಲಿನನನ್ನು ಕರೆದು ಜನರೇನೆನ್ನುವರೆಂದು ಕೇಳುತ್ತಾನೆ. ಪಾಲಿನನು ಮುಚ್ಚುಮರೆಯಿಲ್ಲದೆ ಉತ್ತರವೀಯುತ್ತಾನೆ: ರೋಮಿಗೆ ರಾಜರೆಂಬ ಹೆಸರೇ ಆಗದು, ನೀತಿಗೆಟ್ಟ ಚಕ್ರವರ್ತಿಗಳು ಕೂಡ ಈ ಒಂದು ಕಟ್ಟಳೆಯನ್ನು ಮುರಿಯಲಿಲ್ಲ. ಕೇಳುವುದಕ್ಕೆ ಮೊದಲೇ ಉತ್ತರವು ಟೈಟಸನಿಗೆ ಗೊತ್ತು. ಆದರೂ ಇನ್ನೊಬ್ಬರ ಬಾಯಿಂದ ಕೇಳುವ ಅವಶ್ಯಕತೆ ಅವನಿಗಿದೆ.

ಅವನ ಕರ್ತವ್ಯವು ಕೇವಲ ಲೋಕಭಯವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆಳುವವನು ತನ್ನ ಆಳ್ವಿಕೆಯ ಮೊದಲ ವಾರದಲ್ಲಿಯೇ ತನ್ನ ಸುಖಕ್ಕಾಗಿ ಒಂದು ಕಟ್ಟಳೆಯನ್ನು ಮುರಿದರೆ, ನಾಳೆ ಬೇರೊಬ್ಬನು ತನ್ನ ಲಾಭಕ್ಕಾಗಿ ಇನ್ನೊಂದನ್ನು ಮುರಿದಾಗ ಯಾವ ಮುಖದಿಂದ ಶಿಕ್ಷಿಸುವನು? ಈ ಮಾತನ್ನು ಟೈಟಸನೇ ಬೆರೆನೀಸಳಿಗೆ ಬೇರೆ ರೀತಿಯಲ್ಲಿ ಹೇಳುತ್ತಾನೆ. ಕೊಟ್ಟ ಮಾತಿಗಾಗಿ ಸಾವನ್ನರಸಿ ಶತ್ರುಗಳಲ್ಲಿಗೆ ಮರಳಿದ ರೆಗುಲಸನನ್ನೂ, ನ್ಯಾಯಕ್ಕಾಗಿ ಸ್ವಂತ ಮಕ್ಕಳಿಗೆ ಮರಣದಂಡನೆ ವಿಧಿಸಿದ ಹಿಂದಿನವರನ್ನೂ ಸ್ಮರಿಸುತ್ತಾನೆ. ಅವನ ಧರ್ಮವು ಧರ್ಮವೇ. ಲೋಪವಿರುವುದು ಬೇರೆಡೆಯಲ್ಲಿ.

ಎರಡನೆಯ ಅಂಕದಲ್ಲಿ ರಾಣಿಯು ಎದುರಿಗೆ ಬಂದು ನಿಂತಾಗ ಅವನು ಹೇಳಲೆಳಸುತ್ತಾನೆ. ರೋಮಿನ ಹೆಸರೆತ್ತುತ್ತಾನೆ, ಸಾಮ್ರಾಜ್ಯದ ಹೆಸರೆತ್ತುತ್ತಾನೆ, ವಾಕ್ಯವು ಪೂರ್ತಿಯಾಗದು. ಹೇಳಲಾರೆನೆಂದು ಹೊರಟೇ ಹೋಗುತ್ತಾನೆ. ಜೆರುಸಲೇಮಿನ ಗೋಡೆಗಳನ್ನು ಕೆಡವಿದ ವೀರನಿಗೆ ಒಂದು ವಾಕ್ಯವನ್ನು ಮುಗಿಸುವ ಧೈರ್ಯವಿಲ್ಲ! ಮೂರನೆಯ ಅಂಕದಲ್ಲಿ ಅವನು ಆ ಕೆಲಸವನ್ನು ಮಿತ್ರನಾದ ಅಂತಿಯೋಕನಿಗೆ ಒಪ್ಪಿಸುತ್ತಾನೆ. ಅಂತಿಯೋಕನು ಕೊಮಜೀನ್ ಎಂಬ ಚಿಕ್ಕ ರಾಜ್ಯದ ಅರಸು. ಐದು ವರ್ಷಗಳಿಂದ ಬೆರೆನೀಸಳನ್ನು ಮೌನವಾಗಿ ಪ್ರೀತಿಸುತ್ತಿರುವವನು. ಟೈಟಸನಿಗೆ ಇದು ತಿಳಿಯದು. ನೀನೇ ಹೇಳು, ನೀನೇ ಅವಳನ್ನು ಊರಿಗೆ ಕರೆದುಕೊಂಡು ಹೋಗು ಎಂದು ಆ ಬಡಪಾಯಿಯನ್ನು ಕಳುಹಿಸುತ್ತಾನೆ. ಜೊತೆಗೆ ಒಂದೆರಡು ಪ್ರಾಂತಗಳನ್ನು ಉಡುಗೊರೆಯಾಗಿ ಸೇರಿಸುತ್ತಾನೆ. ರಾಣಿಯು ದೂತನ ಮಾತನ್ನು ನಂಬದೆ, ಇನ್ನು ತನ್ನ ಕಣ್ಣಿಗೆ ಬೀಳಬೇಡವೆಂದು ಅವನನ್ನೇ ಅಟ್ಟುತ್ತಾಳೆ. ತಪ್ಪು ಮಾಡಿದವನೊಬ್ಬ, ದಂಡ ತೆತ್ತವನೊಬ್ಬ.

ಇಲ್ಲಿ ಭಾರತೀಯ ವಾಚಕರಿಗೆ ಭವಭೂತಿಯ ‘ಉತ್ತರರಾಮಚರಿತ’ವು ಸಹಜವಾಗಿಯೇ ನೆನಪಾಗುವುದು. ಅಲ್ಲಿಯೂ ಹೊಸದಾಗಿ ಪಟ್ಟವೇರಿದ ಅರಸು, ಅಲ್ಲಿಯೂ ಪ್ರಜೆಗಳ ಅಪವಾದ. ಗೂಢಚಾರನ ಮಾತು ಕಿವಿಗೆ ಬಿದ್ದಾಗ ಸೀತೆಯು ರಾಮನ ತೋಳಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದಾಳೆ. ರಾಮನು ಮೆಲ್ಲನೆ ತೋಳನ್ನು ಬಿಡಿಸಿಕೊಂಡು, ಅವಳ ಪಾದಗಳಿಗೆ ತಲೆಯಿಟ್ಟು, ಅಳುತ್ತ ಹೊರಟುಹೋಗುತ್ತಾನೆ, ಎಬ್ಬಿಸಿ ಹೇಳುವುದಿಲ್ಲ. ಕಾಡಿಗೆ ಕರೆದೊಯ್ಯುವ ಭಾರವು ಲಕ್ಷ್ಮಣನದು. ರಾಜಧರ್ಮಕ್ಕಾಗಿ ಎಲ್ಲವನ್ನೂ ತ್ಯಜಿಸಬಲ್ಲ ಧೀರರು, ತ್ಯಜಿಸುತ್ತಿದ್ದೇನೆಂದು ಮುಖ ನೋಡಿ ಹೇಳುವ ಗಳಿಗೆಯಲ್ಲಿ ತಮ್ಮನನ್ನೋ ಮಿತ್ರನನ್ನೋ ಹುಡುಕುತ್ತಾರೆ. ಪರಸ್ಪರ ಬಹುದೂರದ ಎರಡು ನಾಡುಗಳ ಇಬ್ಬರು ಕವಿಗಳು, ಸಾವಿರ ವರ್ಷಗಳ ಅಂತರದಲ್ಲಿ, ಈ ಒಂದೇ ದೌರ್ಬಲ್ಯವನ್ನು ಕಂಡುಹಿಡಿದುದು ಆಕಸ್ಮಿಕವಲ್ಲ. ಭವಭೂತಿಯು ಮುಂದೆ ವನದೇವತೆಯಾದ ವಾಸಂತಿಯ ಬಾಯಿಂದ ರಾಮನನ್ನು ಕಟುವಾಗಿ ಪ್ರಶ್ನಿಸುತ್ತಾನೆ. ಸೀತೆಯು ಅಲ್ಲಿ ಅದೃಶ್ಯಳಾಗಿ ನಿಂತು ಕೇಳುವವಳು ಮಾತ್ರ. ರಾಸೀನನು ಆ ಪ್ರಶ್ನೆಯನ್ನು ತೊರೆಯಲ್ಪಟ್ಟವಳ ಬಾಯಿಗೇ ಕೊಟ್ಟಿದ್ದಾನೆ.

ನಾಲ್ಕನೆಯ ಅಂಕದಲ್ಲಿ ಇಬ್ಬರೂ ಕೊನೆಗೆ ಎದುರುಬದುರಾಗುತ್ತಾರೆ. ಬೆರೆನೀಸಳು ಕರ್ತವ್ಯವನ್ನು ಅಲ್ಲಗಳೆಯುವುದಿಲ್ಲ. ಅವಳು ಕೇಳುವುದು ಕಾಲವನ್ನು ಕುರಿತು. ಮೊದಲು ಮನಸ್ಸು ಕೊಟ್ಟಾಗ ನಿನ್ನ ನಾಡಿನ ಕಟ್ಟಳೆಗಳು ನಿನಗೆ ತಿಳಿದಿರಲಿಲ್ಲವೇ? ಆಗಲೇ ಏಕೆ ಹೇಳಲಿಲ್ಲ? ಅಂದು ಹೇಳಿದ್ದರೆ ದುಃಖಕ್ಕೆ ಸಮಾಧಾನಗಳಿದ್ದವು. ನಿನ್ನ ತಂದೆಯನ್ನು, ಹಿರಿಯರ ಸಭೆಯನ್ನು, ಜನರನ್ನು, ಇಡೀ ಸಾಮ್ರಾಜ್ಯವನ್ನು ದೂರಬಹುದಾಗಿತ್ತು. ಇಂದು ತಡೆಯುವವರಾರೂ ಇಲ್ಲ. ಎಲ್ಲವೂ ನಿನ್ನ ಕೈಯಲ್ಲಿರುವಾಗ, ಏಟು ಬೀಳುತ್ತಿರುವುದು ನಿನ್ನ ಕೈಯಿಂದಲೇ. ಅವಳ ಮಾತಿನ ಸಾರಾಂಶವಿಷ್ಟು. ಟೈಟಸನ ಉತ್ತರವು ಪ್ರಾಮಾಣಿಕವಾದುದೇ ಸರಿ: ಆಗ ಪ್ರೀತಿಯಲ್ಲಿ ಮೈಮರೆತಿದ್ದೆ, ಮುಂದೇನೆಂದು ನೋಡಲು ಮನಸ್ಸಿರಲಿಲ್ಲ, ಅಸಾಧ್ಯವಾದುದನ್ನು ಆಶಿಸುತ್ತಿದ್ದೆ. ಪ್ರಾಮಾಣಿಕತೆಯೇನೋ ಉಂಟು, ಐದು ವರ್ಷ ತಡವಾಗಿ ಬಂದಿತು.

ನಾಟಕದ ಮರ್ಮವಿರುವುದು ಇಲ್ಲಿಯೇ. ಇದನ್ನು ಪ್ರೇಮಕ್ಕೂ ಕರ್ತವ್ಯಕ್ಕೂ ನಡೆದ ಹೋರಾಟವೆಂದು ವಿಮರ್ಶಕರು ವರ್ಣಿಸುವರು. ಆ ಹೋರಾಟದ ಫಲವಾದರೋ ತೆರೆ ಏಳುವ ಮುನ್ನವೇ ನಿರ್ಣಯವಾಗಿದೆ. ಐದು ಅಂಕಗಳೂ ನಡೆಯುವುದು ಒಂದು ಮಾತು ಹೊರಬೀಳುವುದಕ್ಕಾಗಿ. ನುಡಿದಂತೆ ನಡೆಯಬೇಕೆಂಬ ಬೋಧೆಯನ್ನು ಕನ್ನಡ ನಾಡಿನ ಜನರು ಹನ್ನೆರಡನೆಯ ಶತಮಾನದ ಶರಣರಿಂದ ಕೇಳುತ್ತ ಬಂದಿದ್ದಾರೆ. ಅದಕ್ಕೆ ಇನ್ನೊಂದು ಮಗ್ಗುಲೂ ಉಂಟು: ನಡೆಯಲಿರುವುದನ್ನು ಮೊದಲೇ ನುಡಿಯಬೇಕು. ಆಡಿದ ಮಾತನ್ನು ತಪ್ಪಿದವನನ್ನು ಸುಳ್ಳನೆನ್ನುತ್ತಾರೆ. ಆಡಬೇಕಾದ ಮಾತನ್ನು ನುಂಗಿ, ಎದುರಿನವರು ತಮ್ಮಷ್ಟಕ್ಕೆ ತಾವೇ ಆಸೆ ಬೆಳೆಸಿಕೊಳ್ಳಲು ಬಿಟ್ಟವನಿಗೆ ಹೆಸರಿಲ್ಲ. ಅವನು ಮಾತು ಕೊಡಲೇ ಇಲ್ಲವಲ್ಲ ಎಂದು ಸಮರ್ಥಿಸುವವರೂ ಸಿಗುತ್ತಾರೆ.

ಇಂಥ ಮೌನಕ್ಕೆ ಸಾಮ್ರಾಜ್ಯವೇನೂ ಬೇಕಾಗಿಲ್ಲ. ಪಟ್ಟಣದಲ್ಲಿ ಓದುವ ಇಲ್ಲವೆ ಉದ್ಯೋಗದಲ್ಲಿರುವ ತರುಣನು ಒಬ್ಬ ಹೆಣ್ಣುಮಗಳೊಡನೆ ನಾಲ್ಕು ವರ್ಷ ಸ್ನೇಹದಿಂದಿರುತ್ತಾನೆ. ತನ್ನ ಮನೆಯ ಹಿರಿಯರು ಒಪ್ಪಲಾರರೆಂಬುದು ಅವನಿಗೆ ಮೊದಲ ದಿನದಿಂದಲೂ ಗೊತ್ತು. ಮನೆಯಲ್ಲಿ ಲಗ್ನದ ಮಾತು ಬರುವವರೆಗೆ ಅದನ್ನು ಬಾಯಿಬಿಡುವುದಿಲ್ಲ. ಬಂದ ಮೇಲೆ ತಾಯಿಯ ಕಣ್ಣೀರು, ತಂದೆಯ ಮರ್ಯಾದೆ, ತಂಗಿಯ ಮದುವೆ ಎಲ್ಲವೂ ಒಮ್ಮೆಗೇ ಜ್ಞಾಪಕಕ್ಕೆ ಬರುತ್ತವೆ. ಅವೆಲ್ಲ ನಿಜವಾದ ಕರ್ತವ್ಯಗಳೇ, ಸುಳ್ಳಲ್ಲ. ಸುದ್ದಿಯನ್ನು ಮಾತ್ರ ಗೆಳೆಯನೊಬ್ಬನು ಮುಟ್ಟಿಸುತ್ತಾನೆ, ಇಲ್ಲವೆ ಕೈಯಲ್ಲಿರುವ ದೂರವಾಣಿಯ ಎರಡು ಸಾಲಿನ ಸಂದೇಶವು ಮುಟ್ಟಿಸುತ್ತದೆ. ಮನೆಯ ಹಿರಿಯರೂ ತಮ್ಮ ಮಗನು ಮಾತು ಮೀರಲಿಲ್ಲವೆಂದು ಹೆಮ್ಮೆಪಡುತ್ತಾರೆ. ಆ ಹೆಮ್ಮೆಯ ಬೆಲೆಯನ್ನು ಇನ್ನಾವುದೋ ಮನೆಯಲ್ಲಿ ಇನ್ನಾರೋ ತೆರುತ್ತಿರುವುದು ಅವರಿಗೆ ಕಾಣದು. ಮಗನು ಹೇಳಬಲ್ಲಂತಹ ಮನೆಯನ್ನು ತಾವು ಕಟ್ಟಿದ್ದೆವೇ ಎಂದು ಅವರು ಕೇಳಿಕೊಂಡರೂ ತಪ್ಪಿಲ್ಲ.

ನಾಟಕದಲ್ಲಿ ಎರಡು ಮೌನಗಳಿವೆಯೆಂಬುದನ್ನೂ ಗಮನಿಸಬೇಕು. ಅಂತಿಯೋಕನೂ ಐದು ವರ್ಷ ಸುಮ್ಮನಿದ್ದವನೇ. ಆದರೆ ಅವನ ಮೌನವು ಅವನನ್ನೇ ಸುಟ್ಟಿತು. ಟೈಟಸನ ಮೌನವು ಪರರನ್ನು ಸುಟ್ಟಿತು. ಹೊರಗಿನಿಂದ ನೋಡಿದರೆ ಎರಡೂ ಸಂಯಮದಂತೆಯೇ ಕಾಣುತ್ತವೆ.

ಐದನೆಯ ಅಂಕದಲ್ಲಿ ಬೆರೆನೀಸಳು ಹೊರಟುಬಿಡಲು ಸಿದ್ಧಳಾಗುತ್ತಾಳೆ. ಅವಳ ಕೈಯಲ್ಲಿದ್ದ ಪತ್ರವನ್ನು ಟೈಟಸನು ಕಸಿದು ಓದುತ್ತಾನೆ. ಪ್ರಯಾಣವು ನೆಪ, ಸಾಯುವುದೇ ಅವಳ ಉದ್ದೇಶವೆಂದು ತಿಳಿಯುತ್ತದೆ. ಆಗ ಅವನು ಮೊದಲ ಬಾರಿಗೆ ಏನನ್ನೂ ಮುಚ್ಚಿಡದೆ ಮಾತನಾಡುತ್ತಾನೆ. ನಿನ್ನನ್ನು ವರಿಸಲಾರೆ, ವರಿಸಿದರೆ ನಿನಗೇ ಯೋಗ್ಯನಾಗಿ ಉಳಿಯಲಾರೆ, ನೀನು ಸತ್ತರೆ ನಾನೂ ಉಳಿಯೆ. ಅಂತಿಯೋಕನೂ ಬಂದು ತಾನು ಪ್ರತಿಸ್ಪರ್ಧಿಯೆಂಬುದನ್ನು ಚಕ್ರವರ್ತಿಯೆದುರಿಗೆ ಒಪ್ಪಿಕೊಂಡು, ತಾನು ಸಾಯುವೆನೆನ್ನುತ್ತಾನೆ. ಮೂವರ ಮನಸ್ಸೂ ಬಯಲಾದ ಆ ಗಳಿಗೆಯಲ್ಲಿ ಆಶ್ಚರ್ಯವೊಂದು ನಡೆಯುತ್ತದೆ. ಈವರೆಗೆ ಅತ್ತವಳು, ಸಿಟ್ಟಾದವಳು, ಸಾಯಹೊರಟವಳು ಎದ್ದು ನಿಂತು ಇಬ್ಬರು ಅರಸರಿಗೂ ಆಜ್ಞೆಮಾಡುತ್ತಾಳೆ. ಯಾರೂ ಸಾಯಕೂಡದು. ಟೈಟಸನು ಆಳಲಿ, ಅಂತಿಯೋಕನು ತನ್ನ ನೋವನ್ನು ತನ್ನೊಡನೆ ಕೊಂಡೊಯ್ಯಲಿ, ತಾನು ಬೇರೆ ದಾರಿಯಲ್ಲಿ ಹೊರಡುವಳು. ಸಿಂಹಾಸನದ ಆಸೆ ಅವಳಿಗೆ ಎಂದೂ ಇದ್ದುದಲ್ಲ. ತಾನು ಪ್ರೀತಿಗೆ ಪಾತ್ರಳಾಗಿದ್ದೆನೇ ಇಲ್ಲವೇ ಎಂಬುದೊಂದೇ ಅವಳನ್ನು ಕೊರೆಯುತ್ತಿದ್ದುದು. ಅದು ಸ್ಪಷ್ಟವಾಗುತ್ತಲೇ ಅವಳು ಕಳುಹಿಸಲ್ಪಡುವವಳಾಗಿ ಉಳಿಯದೆ ತಾನೇ ಬಿಟ್ಟುಹೋಗುವವಳಾದಳು. ಟೈಟಸನ ತ್ಯಾಗವನ್ನು ಪೂರ್ಣಗೊಳಿಸಿದವಳು ಅವಳು. ಅಲ್ಲಿಯವರೆಗೆ ಅದು ಅರೆಬರೆಯಾಗಿತ್ತು. ಮೊದಲ ಅಂಕದಲ್ಲಿಯೇ ನಿಜವನ್ನು ತಿಳಿಸಿದ್ದರೆ ಅವಳು ಇಷ್ಟು ಎತ್ತರಕ್ಕೆ ಏರುತ್ತಿರಲಿಲ್ಲವೆಂದು ವಾದಿಸುವವರಿದ್ದಾರೆ. ಅವಳ ಎತ್ತರವನ್ನು ಅಳೆಯಲು ಐದು ಅಂಕಗಳ ಸಂಕಟವು ಬೇಕಾದುದು ಪ್ರೇಕ್ಷಕರಿಗೆ, ಅವಳಿಗಲ್ಲ.

ಚರಿತ್ರೆಯ ಟೈಟಸನು ಅನಂತರ ಎರಡು ವರ್ಷಗಳಿಗೆ ತುಸು ಹೆಚ್ಚು ಕಾಲ ಆಳಿ ಕ್ರಿ.ಶ. 81ರಲ್ಲಿ ತೀರಿಕೊಂಡನು. ಆ ಅಲ್ಪ ಕಾಲದಲ್ಲಿ ವೆಸೂವಿಯಸ್ ಪರ್ವತವು ಬೆಂಕಿಯುಗುಳಿ ಪಾಂಪೈ ನಗರವು ಹೂತುಹೋಯಿತು, ರೋಮಿಗೆ ಬೆಂಕಿ ಬಿದ್ದಿತು. ನೊಂದವರಿಗೆ ಅವನು ಕೈತುಂಬ ನೆರವಿತ್ತನೆಂದು ಬರೆದಿದ್ದಾರೆ. ನಾಟಕದಲ್ಲಿ ಅದೊಂದೂ ಇಲ್ಲ. ಅಲ್ಲಿ ಕೊನೆಯ ಉದ್ಗಾರವು ಚಕ್ರವರ್ತಿಯದೂ ಅಲ್ಲ, ರಾಣಿಯದೂ ಅಲ್ಲ. ಎರಡು ಬಾಗಿಲುಗಳ ನಡುವಿನ ಆ ಕೊಠಡಿಯಲ್ಲಿ ಮೂವರೂ ಜೀವಂತರಾಗಿ ನಿಂತಿರುವಾಗ, ಪರರ ಸುದ್ದಿಯನ್ನು ಹೊತ್ತು ತಿರುಗಿದ ಅಂತಿಯೋಕನು ಒಂದು ನಿಟ್ಟುಸಿರನ್ನು ಬಿಡುತ್ತಾನೆ, ತೆರೆ ಬೀಳುತ್ತದೆ.